ಮೋಟಾರುಗಳ ಮಾತನ್ನು ನಂಬಬಹುದೇ?

ಮೋಟಾರು ಕಾರುಗಳು ತಮ್ಮತಮ್ಮೊಳಗೆ ಮಾತನಾಡುತ್ತವೆಂದರೆ ಓದುಗರಿಗೆ ಅಚ್ಚರಿಯಾದೀತು. ಆದರೆ ಇದು ಕಟ್ಟುಕಥೆಯಲ್ಲ. ಇಂಥ ಸಂಭಾಷಣೆಗೆಂದೇ ಅಮೆರಿಕದಲ್ಲಿ 1999ರಷ್ಟು ಹಿಂದೆಯೇ ರೇಡಿಯೋ ಅಲೆಗಳ ಒಂದು ಭಾಗವನ್ನು ಮೀಸಲಿಡಲಾಯಿತು. ಈ ಯಂತ್ರವುಳ್ಳ ಕಾರು ತಾನಿರುವ ಸ್ಥಳ, ವೇಗ, ದಿಕ್ಕುಗಳನ್ನೂ ಬ್ರೇಕು ಹಾಕಿದ ಸುದ್ದಿಯನ್ನೂ ಸೆಕೆಂಡಿಗೆ 10 ಬಾರಿ ಸುತ್ತಲಿನ ವಾಹನಗಳಿಗೆ ಸಾರುತ್ತದೆ. ತಿರುವಿನಾಚೆಯ ಅಪಾಯ ಚಾಲಕನ ಕಣ್ಣಿಗೆ ಬೀಳುವ ಮೊದಲೇ ಅವನ ಕಾರಿಗೆ ತಿಳಿದಿರುತ್ತದೆ.

ಆದರೆ ಆ ಸುದ್ದಿಯೇ ಸುಳ್ಳಾದರೆ? ಹೆದ್ದಾರಿಯಲ್ಲಿ ಭರದಿಂದ ಸಾಗುವ ಕಾರಿಗೆ, ಮುಂದೊಂದು ವಾಹನ ನಿಂತಿದೆಯೆಂದು ಕಿಡಿಗೇಡಿಯೊಬ್ಬ ಹುಸಿ ಸಂದೇಶ ಕಳಿಸಿದನೆನ್ನಿ. ಅದನ್ನು ನಂಬಿ ಕಾರು ತಟಕ್ಕನೆ ನಿಂತರೆ ಹಿಂದಿನ ವಾಹನ ಬಂದು ಅಪ್ಪಳಿಸುತ್ತದೆ, ಪ್ರಾಣಕ್ಕೇ ಸಂಚಕಾರ.

ಇದಕ್ಕಾಗಿ ಪ್ರತಿ ಸಂದೇಶಕ್ಕೂ ವಿದ್ಯುನ್ಮಾನ ಸಹಿಯಿರಬೇಕೆಂದು ತಜ್ಞರು ವಿಧಿಸಿದರು. ಸಹಿಯ ಹಿಂದೆ ಅಧಿಕೃತ ಸಂಸ್ಥೆಯ ಪ್ರಮಾಣಪತ್ರವಿರುತ್ತದೆ. ಒಂದೇ ಪತ್ರವನ್ನು ಸದಾ ಬಳಸಿದರೆ ಕಾರಿನ ಒಡೆಯ ಎಲ್ಲೆಲ್ಲಿ ಹೋದನೆಂಬುದನ್ನು ಯಾರು ಬೇಕಾದರೂ ಗುರುತಿಸಿಯಾರು. ಆದ್ದರಿಂದ ಅಮೆರಿಕದ ಯೋಜನೆಯಲ್ಲಿ ಕಾರೊಂದಕ್ಕೆ ವಾರಕ್ಕೆ 20 ಗುಪ್ತನಾಮದ ಪತ್ರಗಳು. ಅವನ್ನು ಆಗಾಗ ಬದಲಿಸುತ್ತಿರಬೇಕು.

ತೊಡಕಿರುವುದು ಇಲ್ಲೇ. 20 ಹೆಸರುಳ್ಳವನು 20 ಕಾರುಗಳ ವೇಷ ಹಾಕಬಲ್ಲ! ಹತ್ತು ಮಂದಿ ಹೇಳಿದ್ದು ನಿಜವೆಂಬ ಲೆಕ್ಕಾಚಾರ ಆಗ ಕೆಲಸಕ್ಕೆ ಬಾರದು. ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 2020ರಲ್ಲಿ ಬಹಿರಂಗಪಡಿಸಿದ ಪ್ರಯೋಗ ಇದೇ ಬಗೆಯದು. ಆತ 99 ಫೋನುಗಳನ್ನು ಕೈಗಾಡಿಯಲ್ಲಿ ತುಂಬಿ ಬೀದಿಯಲ್ಲಿ ಮೆಲ್ಲನೆ ಎಳೆದ. ಗೂಗಲ್ ನಕ್ಷೆ ಅಲ್ಲಿ ವಾಹನಗಳ ದಟ್ಟಣೆಯಿದೆಯೆಂದು ಕೆಂಪು ಗೆರೆ ತೋರಿಸಿತು.

ಹಾಗಾದರೆ ಪರಿಹಾರವೇನು? ಕೇಳಿದ ಮಾತನ್ನು ಕಾರು ತನ್ನ ಕ್ಯಾಮೆರಾ, ರೇಡಾರುಗಳೊಡನೆ ತಾಳೆ ನೋಡಬೇಕು. ಒಂದೇ ಜಾಗದಲ್ಲಿ ಎರಡು ವಾಹನಗಳಿರಲಾರವು. ಈಗ ಇಲ್ಲಿದ್ದದ್ದು ಮರುಕ್ಷಣ ಮೈಲಿಯಾಚೆ ಇರಲಾರದು. ಇಂಥ ಅಸಂಗತ ಸಂದೇಶಗಳ ಬಗ್ಗೆ ದೂರು ಹೋದಾಗ, ತಪ್ಪಿತಸ್ಥ ವಾಹನದ ಪತ್ರಗಳೆಲ್ಲವನ್ನೂ ರದ್ದುಗೊಳಿಸುವ ವ್ಯವಸ್ಥೆಯಿದೆ. ಅದಕ್ಕೆ ಬೇಕಾದ ಗುಟ್ಟನ್ನು ಬೇರೆ ಬೇರೆ ಕಚೇರಿಗಳಿಗೆ ಹಂಚಿರುವುದರಿಂದ, ಯಾವೊಂದು ಕಚೇರಿಯೂ ತಾನೊಂದೇ ಯಾರ ಜಾಡನ್ನೂ ಹಿಡಿಯಲಾರದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಹಿರಿಯರು ನಮಗೆ ಹೇಳಿದರು. ಆ ಬುದ್ಧಿಯನ್ನು ಈಗ ಯಂತ್ರಗಳಿಗೂ ಕಲಿಸಬೇಕಾಗಿದೆ.