ಬಾವಿಯಲ್ಲಿ ಈಜು ಕಲಿತವರು ಕಡಲಿಗಿಳಿಯುವ ಮುನ್ನ

ಕೊಟ್ಟೂರು ಸೀಮೆಯಲ್ಲಿ ನೀರು ಎಂದರೆ ಕೆರೆ, ಬಾವಿ, ಬೋರು. ಹಡಗಲಿಯವರಿಗೆ ತುಂಗಭದ್ರೆ ಇದ್ದಾಳೆ, ಹಗರಿಬೊಮ್ಮನಹಳ್ಳಿಯವರಿಗೆ ಮಾಲವಿ ಜಲಾಶಯ ಇದೆ. ಉಳಿದ ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರಿನ ಎರೆ–ಮಸಾರಿಯವರು ಮೋಡ ನೋಡಿಯೇ ಬದುಕಿದವರು. ಇಂಥ ಬಯಲಿನ ಗಂಡ–ಹೆಂಡತಿ ನಾಲ್ಕು ದಿನ ಬಿಡುವು ಮಾಡಿಕೊಂಡು ಕಡಲೊಳಗೆ ಇಳಿದು ಬರುತ್ತೇವೆ ಎಂದರೆ ನನಗೆ ಬಲು ಸಂತೋಷ. ಆದರೆ ಹೊರಡುವ ಮುಂಚೆ ಕಟ್ಟೆಯ ಮೇಲೆ, ಮದುವೆ ಪಂಕ್ತಿಯಲ್ಲಿ, ಮೊಬೈಲಿನಲ್ಲಿ ಕೇಳಿದ್ದನ್ನೆಲ್ಲ ಬುತ್ತಿಯ ಜೊತೆಗೇ ಕಟ್ಟಿಕೊಂಡು ಹೋಗುತ್ತಾರೆ. ಅದರಲ್ಲಿ ಕೆಲವು ಮಾತು ನಿರುಪದ್ರವಿ, ಕೆಲವು ಜೀವಕ್ಕೇ ಎರವಾಗುವಂಥವು.

ನಿರುಪದ್ರವಿಯಾದದ್ದನ್ನು ಮೊದಲು ಮುಗಿಸೋಣ. "ಉಷ್ಣವಲಯದ ಕಡಲು ನೋಡಬೇಕಂದ್ರ ಮಾಲ್ಡೀವ್ಸಿಗೋ ಬಾಲಿಗೋ ಹೋಗಬೇಕು" ಎನ್ನುತ್ತಾರೆ. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವುದು 23.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಡೀ ಕರ್ನಾಟಕ ಅದರ ತೆಂಕಣಕ್ಕಿದೆ. ಅಂದರೆ ಕೊಟ್ಟೂರೂ ಉಷ್ಣವಲಯದ ಊರೇ. ನಮ್ಮದೇ ರಾಜ್ಯದ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ನೇತ್ರಾಣಿ ದ್ವೀಪವಿದೆ. ಅದಕ್ಕೂ ಕೊಟ್ಟೂರಿಗೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೂ ಅಂತರವಿಲ್ಲ. 2022ರ ಅಕ್ಟೋಬರ್ 28ರಂದು ತೆರೆಕಂಡ ‘ಗಂಧದ ಗುಡಿ’ಗಾಗಿ ಪುನೀತ್ ರಾಜ್‌ಕುಮಾರ್ ಇಳಿದದ್ದು ಇದೇ ನೇತ್ರಾಣಿಯ ನೀರಿಗೆ. ಹೊಸಪೇಟೆಯಲ್ಲಿ ಅವರ ಪ್ರತಿಮೆಗೆ ಕೈಮುಗಿಯುವ ನಮ್ಮ ಜಿಲ್ಲೆಯ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಿಲ್ಲ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್‌ಲಾಕ್‌ನಲ್ಲಿ, ನೀರು ಇನ್ನೂ ತಿಳಿಯಾಗಿರುತ್ತದೆ, ನಿಜ. ಲಕ್ಷದ್ವೀಪದ ಹವಳದ ಕೊಳಗಳೂ ಸೊಗಸು. ಆದರೆ ಅಲ್ಲಿಗೆ ಮೊದಲೇ ಅನುಮತಿಪತ್ರ ಪಡೆಯಬೇಕು. ಮೊದಲ ಸಲಕ್ಕೆ ನೇತ್ರಾಣಿ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಕೂಬಾ, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಉಸಿರಾಡುತ್ತಾ ಮುಳುಗುವುದರ ಬಗ್ಗೆ ನಿಜವಾಗಿ ಚಿಂತೆಗೆ ಹಚ್ಚುವ ಮಾತು. "ಈಜು ಬರದವರು ಸ್ಕೂಬಾ ಮಾಡಂಗಿಲ್ಲ, ಬಾವಿಯಾಗ ಈಜಿದವರಿಗೆ ಅದೇನು ಮಹಾ." ಇದರ ಎರಡು ತುದಿಯೂ ತಪ್ಪು. ತರಬೇತುದಾರನ ಜೊತೆ ಒಂದು ಸಲ ಇಳಿದು ನೋಡುವ ಅನುಭವ ಮುಳುಗಿಗೆ ಈಜು ಬರಲೇಬೇಕೆಂದಿಲ್ಲ. ಆತ ನಿಮ್ಮನ್ನು ಹಿಡಿದೇ ಇರುತ್ತಾನೆ, ಆಳ 12 ಮೀಟರ್ ದಾಟಿಸುವುದಿಲ್ಲ. ಈಜು ಬೇಕಾಗುವುದು ಪ್ರಮಾಣಪತ್ರದ ಕೋರ್ಸಿಗೆ. ಅಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ತೇಲಿ ತೋರಿಸಬೇಕು.

ಬಾವಿ ಈಜುಗಾರರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಡೆ ಹುಡುಗರು ಸೊಂಟಕ್ಕೆ ಸೋರೆಬುರುಡೆಯೋ ಬೆಂಡೋ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಬೆಂಡು ಬಿಚ್ಚಿದ ಮರುದಿನವೇ ಮುಳುಗು ಹಾಕಿ ತಳದ ಕೆಸರು ಮುಷ್ಟಿಯಲ್ಲಿ ಹಿಡಿದು ತರುವ ಪಂದ್ಯ. ಅಲ್ಲಿ ಗೆಲ್ಲುವವನು ಉಸಿರು ಬಿಗಿಹಿಡಿದವನು. ಮೇಲಿನ ಗಾಳಿಯನ್ನು ಎದೆ ತುಂಬಿಕೊಂಡು ಇಳಿದರೆ ನೀರಿನ ಒತ್ತಡಕ್ಕೆ ಆ ಗಾಳಿ ಕುಗ್ಗುತ್ತದೆ, ಮೇಲೆ ಬರುವಾಗ ಮೊದಲಿನಷ್ಟೇ ಆಗುತ್ತದೆ. ಶ್ವಾಸಕೋಶ ಹರಿಯುವ ಅಪಾಯವಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದರ ಎರಡು ಪಟ್ಟು. ಅಲ್ಲಿ ನೀವು ಉಸಿರಾಡುವ ಗಾಳಿಯೂ ಅದೇ ಒತ್ತಡದಲ್ಲಿ ಬರುತ್ತದೆ. ಅದನ್ನು ಎದೆ ತುಂಬಿಕೊಂಡು, ಬಾಯಿ ಬಿಗಿದು, ಬಾವಿಯಲ್ಲಿ ಮಾಡಿದ ಹಾಗೆ ಸರ್ರನೆ ಮೇಲೆ ಬಂದಿರೋ, ಆ ಗಾಳಿ ಎರಡು ಪಟ್ಟು ಹಿಗ್ಗಬೇಕು. ಶ್ವಾಸಕೋಶ ಅಷ್ಟು ಹಿಗ್ಗಲಾರದೆ ಹರಿಯುತ್ತದೆ, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಎದೆ ತುಂಬಿದ್ದರೆ ಒಂದೂವರೆ–ಎರಡು ಮೀಟರ್ ಏರುವುದರಲ್ಲೇ ಈ ಅನಾಹುತ ಸಾಧ್ಯ. ಅದಕ್ಕೇ ಸ್ಕೂಬಾದ ಮೊದಲ ಪಾಠ ಉಸಿರು ಹಿಡಿಯಬೇಡಿ ಎಂಬುದು. ಎಲ್ಲಿಯೂ, ಎಷ್ಟು ಹೊತ್ತೂ ಹಿಡಿಯಕೂಡದು. ಈಜೇ ಬಾರದ ಹೆಂಡತಿ ಹೇಳಿದ್ದನ್ನು ಹೇಳಿದ ಹಾಗೆ ಕೇಳಿ ಸುರಕ್ಷಿತವಾಗಿರುತ್ತಾಳೆ, ಬಾವಿ ಪಂದ್ಯ ಗೆದ್ದ ಗಂಡನ ಹಳೆಯ ಅಭ್ಯಾಸವೇ ಅವನಿಗೆ ಮುಳುವಾಗಬಹುದು.

ನೀರೊಳಗೆ ಮುಖಕ್ಕೆ ಹಾಕುವ ಮಾಸ್ಕ್ ಮೂಗನ್ನೂ ಮುಚ್ಚುತ್ತದೆ, ಉಸಿರಾಟವೆಲ್ಲ ಬಾಯಿಂದಲೇ. ಹೊರಡುವ ಮುಂಚಿನ ವಾರ ಮನೆಯಲ್ಲೇ ದಿನಕ್ಕೆ ಹತ್ತು ನಿಮಿಷ ಮೂಗು ಹಿಡಿದು ಬಾಯಿಂದ ನಿಧಾನವಾಗಿ ಉಸಿರಾಡಿ ರೂಢಿ ಮಾಡಿಕೊಳ್ಳಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

"ಬೆನ್ನ ಮ್ಯಾಲೆ ಇರೋದು ಆಕ್ಸಿಜನ್ ಸಿಲಿಂಡರ್." 2021ರ ಕೊರೊನಾ ದಿನಗಳಲ್ಲಿ ಆ ಸಿಲಿಂಡರಿಗಾಗಿ ಪರದಾಡಿದ ನಮಗೆ ಸಿಲಿಂಡರ್ ಎಂದ ಕೂಡಲೇ ಆಮ್ಲಜನಕವೇ ನೆನಪಾಗುವುದು ಸಹಜ. ಡೈವರ್ ಹೊತ್ತಿರುವುದು ನಾವು ನೀವು ಉಸಿರಾಡುವ ಸಾದಾ ಗಾಳಿ, ಶೇ 21 ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ. ಅದನ್ನು ಸುಮಾರು 200 ಪಟ್ಟು ಒತ್ತಿ ತುಂಬಿರುತ್ತಾರೆ. ಅಪ್ಪಟ ಆಮ್ಲಜನಕವಾಗಿದ್ದರೆ ಆರು ಮೀಟರ್ ಕೆಳಗೆ ಅದೇ ವಿಷವಾಗಿ ಸೆಳವು ತರಬಲ್ಲದು. ಒತ್ತಡ ಹೆಚ್ಚಾದಷ್ಟೂ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಖರ್ಚು. ಹತ್ತು ಮೀಟರಿನಲ್ಲಿ ಸಿಲಿಂಡರ್ ಅರ್ಧ ಹೊತ್ತಷ್ಟೇ ಬರುತ್ತದೆ, ಗಾಬರಿಯಾದರೆ ಅದಕ್ಕಿಂತಲೂ ಬೇಗ ಬರಿದಾಗುತ್ತದೆ.

"ಆಳಕ್ಕೆ ಹೋದಷ್ಟೂ ಚೆಂದ" ಎಂಬುದೂ ಹುಸಿ. ನೀರು ಮೊದಲು ನುಂಗುವ ಬಣ್ಣ ಕೆಂಪು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಸುಕಾಗಿ, ಮುಂದೆ ಎಲ್ಲವೂ ನೀಲಿ–ಬೂದಿಯಾಗುತ್ತದೆ. ಹವಳಕ್ಕೆ ಬಿಸಿಲು ಬೇಕು. ಬಣ್ಣವೂ ಮೀನೂ ಹೆಚ್ಚಿರುವುದು ಬಿಸಿಲು ತಲುಪುವ ಮೇಲ್ಪದರದಲ್ಲೇ.

ಕಿವಿಯ ಮಾತಿಗೆ ಬರೋಣ. ಮೊದಲ ಮುಳುಗಿನಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವುದು ಕಿವಿಯೇ. "ಸ್ವಲ್ಪ ನೋಯ್ತದ, ತಡಕೊಂಡ್ರ ಹೋಗ್ತದ" ಎಂದು ಹೋಗಿ ಬಂದವರೇ ಧೈರ್ಯ ಹೇಳುತ್ತಾರೆ. ದಯವಿಟ್ಟು ತಡೆದುಕೊಳ್ಳಬೇಡಿ. ಸಾಗರದಿಂದಲೋ ಶಿರಸಿಯಿಂದಲೋ ಘಟ್ಟ ಇಳಿಯುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದಾಗ ‘ಟಪ್’ ಎಂದು ಬಿಡುವುದು ಗೊತ್ತಲ್ಲ? 600 ಮೀಟರ್ ಘಟ್ಟ ಇಳಿದಾಗ ಗಾಳಿಯ ಒತ್ತಡ ಎಷ್ಟು ಏರುತ್ತದೋ ಅಷ್ಟು ಏರಿಕೆಗೆ ನೀರಿನಲ್ಲಿ ಮುಕ್ಕಾಲು ಮೀಟರ್ ಇಳಿದರೆ ಸಾಕು. ಇಡೀ ಘಟ್ಟ ನಿಮ್ಮ ಸೊಂಟದೆತ್ತರದ ನೀರಿನಲ್ಲೇ ಮುಗಿದುಹೋಯಿತು. ಹಾಗಾಗಿ ನೋವು ಬರುವ ಮೊದಲೇ, ಒಂದೊಂದು ಮೊಳ ಇಳಿದಾಗಲೂ, ಮಾಸ್ಕಿನ ಮೇಲಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತಾ ಹೋಗಬೇಕು. ಬಿಡದಿದ್ದರೆ ಅರ್ಧ ಮೀಟರ್ ಮೇಲೆ ಬಂದು ಮತ್ತೆ ಯತ್ನಿಸಬೇಕು. ಜೋರಾಗಿ ಊದಬಾರದು, ತಮಟೆ ಹರಿದೀತು. ನೆಗಡಿಯಿದ್ದರೆ ಆ ದಿನ ನೀರಿಗಿಳಿಯಲೇ ಬಾರದು. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿದರೆ, ಕೆಳಗಿರುವಾಗಲೇ ಮಾತ್ರೆಯ ಗುಣ ಇಳಿದು ಮೇಲೆ ಬರುವಾಗ ಗಾಳಿ ಸಿಕ್ಕಿಹಾಕಿಕೊಂಡು ನರಳಿಸುತ್ತದೆ. ಎ.ಸಿ. ಬಸ್ಸಿನಲ್ಲಿ ಇಡೀ ರಾತ್ರಿ ಕುಳಿತು ಮೂಗು ಕಟ್ಟಿಸಿಕೊಂಡು ಬೆಳಗ್ಗೆಯೇ ದೋಣಿ ಹತ್ತುವ ನಮ್ಮ ಪ್ರವಾಸದ ಪದ್ಧತಿ ಅದಕ್ಕೇ ನನಗೆ ಹಿಡಿಸುವುದಿಲ್ಲ.

ಹೆಂಗಸರನ್ನು ಸುಮ್ಮನೆ ಹಿಂದಕ್ಕೆಳೆಯುವ ಮಾತುಗಳೂ ಇವೆ. ಮುಟ್ಟಿನ ದಿನ ಇಳಿದರೆ ಶಾರ್ಕ್ ಬೆನ್ನಟ್ಟುತ್ತದೆ ಎನ್ನುವುದಕ್ಕೆ ಆಧಾರವೇ ಇಲ್ಲ. ಮೈ ಹಗುರವಾಗಿದ್ದರೆ ಇಳಿಯಬಹುದು. ನೇತ್ರಾಣಿಯ ಸುತ್ತ ಕಾಣುವ ಚಿಕ್ಕ ಶಾರ್ಕುಗಳು ಮನುಷ್ಯರನ್ನು ಕಂಡರೆ ದೂರ ಸರಿಯುತ್ತವೆ, ಅಪರೂಪಕ್ಕೆ ಬರುವ ತಿಮಿಂಗಿಲ ಶಾರ್ಕ್ ಸೋಸಿ ತಿನ್ನುವುದು ಮುಖ್ಯವಾಗಿ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು. ಚುಚ್ಚುವುದು ಬಂಡೆಯ ಸಂದಿಯ ಕಡಲಮುಳ್ಳು, ಬಂಡೆಯ ಬಣ್ಣವೇ ಆಗಿ ಕೂತಿರುವ ಚೇಳುಮೀನು. ಏನನ್ನೂ ಮುಟ್ಟದಿದ್ದರೆ ಅವು ತಮ್ಮ ಪಾಡಿಗೆ ಇರುತ್ತವೆ. ಆದರೆ ಗರ್ಭಿಣಿಯರು ಇಳಿಯಕೂಡದು. ಹೊಸದಾಗಿ ಮದುವೆಯಾದವರು, ಮುಟ್ಟು ತಪ್ಪಿದ್ದರೆ ಅನುಮಾನ ಪರಿಹಾರವಾಗುವ ತನಕ ಮುಂದೂಡಿ. ಕಡಲು ಎಲ್ಲಿಗೂ ಹೋಗುವುದಿಲ್ಲ.

ತಾಳಿ ತೆಗೆಯುವುದು ಹೇಗೆ ಎಂದು ಮುಜುಗರಪಟ್ಟು ಆಸೆಯನ್ನೇ ಕೈಬಿಟ್ಟವರಿದ್ದಾರೆ. ಸರ ಹೊರಗೆ ತೂಗಾಡಿ ಗಾಳಿಕೊಳವೆಗೆ ಸಿಕ್ಕಿಕೊಳ್ಳಬಾರದು, ಅಷ್ಟೇ ವಿಷಯ. ನೀರಿಗಿಳಿಯುವಾಗ ತೊಡುವ ಬಿಗಿ ಸೂಟಿನೊಳಗೆ ಸೇರಿಸಿದರೆ ಆಯಿತು. ಕೊರಳಲ್ಲಿ ಇಷ್ಟಲಿಂಗವಿರುವವರು ಕರಡಿಗೆಯನ್ನು ಮನೆಯವರ ಕೈಗೆ ಕೊಟ್ಟು, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ, ಶಿವದಾರ ಕತ್ತು ಬಿಗಿಯದಂತೆ ಸೂಟಿನೊಳಗೆ ಧರಿಸಬಹುದು. ಬಿಗಿ ಸೂಟಿನೊಳಗೆ ತುಂಬುತೋಳಿನ ಬಟ್ಟೆ, ಲೆಗ್ಗಿಂಗ್ಸ್ ತೊಡಲು ಅಡ್ಡಿಯಿಲ್ಲ. ಸೂಟು ಬೇಕೇ ಬೇಕು. ನೀರು 28 ಡಿಗ್ರಿ ಬೆಚ್ಚಗಿದ್ದರೂ ಅದು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಶಾಖ ಎಳೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲು ತಿಂದವರೂ ಅರ್ಧ ಗಂಟೆಗೆ ನಡುಗುತ್ತಾರೆ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೂ ಇಳಿಯಬಹುದು.

"ಖಾಲಿ ಹೊಟ್ಟೀಲಿ ಹೋದ್ರ ವಾಂತಿ ಆಗಲ್ಲ." ಉಲ್ಟಾ. ನೇತ್ರಾಣಿಗೆ ದೋಣಿಯಲ್ಲಿ ಒಂದು, ಒಂದೂವರೆ ಗಂಟೆ ಬೇಕು. ಖಾಲಿ ಹೊಟ್ಟೆ ಇನ್ನೂ ಬೇಗ ತೊಳಸುತ್ತದೆ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಮಂಡಕ್ಕಿ–ಮೆಣಸಿನಕಾಯಿ ಬಜ್ಜಿ ಸಂಜೆಗೆ ಇರಲಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ದೋಣಿ ಹತ್ತುವುದಕ್ಕೆ ಒಂದು ಗಂಟೆ ಮೊದಲೇ ನುಂಗಬೇಕು, ತಲೆ ತಿರುಗಿದ ಮೇಲಲ್ಲ.

ದೋಣಿ ಹತ್ತುವ ಮೊದಲು ಕೊಡುವ ಆರೋಗ್ಯದ ಫಾರಂ ಬರೀ ಸಹಿಯ ಕಾಗದವಲ್ಲ. ದಮ್ಮು, ಮೂರ್ಛೆ, ಹೃದಯದ ತೊಂದರೆ, ಬಿ.ಪಿ., ಸಕ್ಕರೆ, ಕಿವಿ ಶಸ್ತ್ರಚಿಕಿತ್ಸೆ, ಇವನ್ನು ‘ಬೇಡ ಅಂದುಬಿಟ್ಟಾರು’ ಎಂದು ಮುಚ್ಚಿಡುತ್ತಾರೆ. ಊರಲ್ಲೇ ವೈದ್ಯರಿಗೆ ತೋರಿಸಿ ಒಪ್ಪಿಗೆ ಬರೆಸಿಕೊಂಡು ಬಂದರೆ ಮುಚ್ಚಿಡುವ ಪ್ರಮೇಯವೇ ಇಲ್ಲ.

ಇನ್ನೊಂದು ಸಣ್ಣ ತಪ್ಪು, ಎಲ್ಲರೂ ಮಾಡುವಂಥದ್ದು. ನೀರೊಳಗೆ ಖುಷಿಯಾಗಿ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಡೈವರ್ ಭಾಷೆಯಲ್ಲಿ ಅದರರ್ಥ ‘ಮೇಲೆ ಹೋಗೋಣ’ ಎಂದು. ತರಬೇತುದಾರ ಮೇಲಕ್ಕೆ ಕರೆದೊಯ್ಯುತ್ತಾನೆ, ನೀವು ಯಾಕೆಂದು ತಿಳಿಯದೆ ಪೆಚ್ಚಾಗುತ್ತೀರಿ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸುನ್ನೆ ಮಾಡಬೇಕು. ಗಂಡ–ಹೆಂಡತಿ ಹಿಂದಿನ ರಾತ್ರಿಯೇ ಕೋಣೆಯಲ್ಲಿ ಎದುರುಬದುರು ಕೂತು ಇದನ್ನು ಕಲಿತರೆ ಒಳ್ಳೆಯದು.

ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವ ನಂಬಿಕೆ "ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಡ್ಯೂಟಿಗೆ ಬರಬಹುದು" ಎಂಬುದು. ಕೊಟ್ಟೂರಿನಿಂದ ಮುರುಡೇಶ್ವರ ಸುಮಾರು ಮುನ್ನೂರು ಕಿಲೋಮೀಟರ್, ನಡುವೆ ಘಟ್ಟ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ನಡೆದು ಬರುವ ಭಕ್ತರು ದಾರಿಯಲ್ಲಿ ತಂಗಿ, ಕಾಲಿಗೆ ಎಣ್ಣೆ ಹಚ್ಚಿ, ಮತ್ತೆ ನಡೆಯುತ್ತಾರೆ. ಕಡಲಿಗೂ ಅದೇ ನಡಿಗೆ ಬೇಕು. ಒಂದು ದಿನ ಹಗಲು ಪ್ರಯಾಣ, ರಾತ್ರಿ ಪೂರ್ತಿ ನಿದ್ದೆ, ಮರುದಿನ ಮುಳುಗು, ಇನ್ನೊಂದು ದಿನ ಕೈಯಲ್ಲಿ ಮಿಗಿಲಾಗಿ ಇರಲಿ. ಹಿಂದಿನ ರಾತ್ರಿ ಮದ್ಯ ಬೇಡ. ಅಕ್ಟೋಬರಿನಿಂದ ಮೇ ತನಕ ಹಂಗಾಮು, ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಹಂಗಾಮಿನಲ್ಲೂ ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ. ಹುಣ್ಣಿಮೆ–ಅಮಾವಾಸ್ಯೆಯ ಆಸುಪಾಸು ಭರತ–ಇಳಿತ ದೊಡ್ಡದು, ಸೆಳೆತವೂ ಹೆಚ್ಚಿರಬಹುದು. ಆ ಮಿಗಿಲು ದಿನ ಇದ್ದವರು ಜಗಳವಾಡುವುದಿಲ್ಲ, ಇಲ್ಲದವರು ‘ಹೆಂಗಾದ್ರೂ ಕರಕೊಂಡು ಹೋಗ್ರಿ’ ಎಂದು ಒತ್ತಾಯಿಸುತ್ತಾರೆ. ಒತ್ತಾಯಕ್ಕೆ ಮಣಿದು ಹೊರಡುವ ದೋಣಿಯನ್ನು ಹತ್ತಬೇಡಿ.

ಹಿಂದಿರುಗುವಾಗಲೂ ಅವಸರ ಬೇಡ. ಆಳದಲ್ಲಿ ಮೈಗೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ವಿಮಾನ ಹತ್ತುವವರು ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವು ಮುಳುಗಾದರೆ 18 ಗಂಟೆ ಕಾಯಬೇಕು. ನಮ್ಮ ಬಯಲು ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಮೇಲಿದೆ. ಒಂದು ಚಿಕ್ಕ ಅನುಭವ ಮುಳುಗಿನ ನಂತರ ಘಟ್ಟ ಹತ್ತಿದರೆ ಅಪಾಯ ತೀರಾ ಕಡಿಮೆ, ಆದರೂ ಆ ರಾತ್ರಿ ಕಡಲ ದಂಡೆಯಲ್ಲೇ ಉಳಿಯುವುದು ನೆಮ್ಮದಿ. ಹವಳದ ತುಂಡು ಚೀಲಕ್ಕೆ ಹಾಕಿಕೊಳ್ಳಬೇಡಿ. ಅದನ್ನು ಕಲ್ಲೆಂದು ತಿಳಿದವರೇ ಹೆಚ್ಚು, ಆದರೆ ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿದ ಮನೆ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ.

ಕೊನೆಗೆ, "ಜೋಡಿ ಅಂದ ಮ್ಯಾಲೆ ಇಬ್ರೂ ಇಳೀಬೇಕು" ಎಂಬ ಮಾತು. ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ, ಕಾರಣ ಹೇಳದೆಯೇ ‘ನಾನು ಇಳಿಯುವುದಿಲ್ಲ’ ಎನ್ನಬಹುದು. ಡೈವರ್‌ಗಳ ಲೋಕದಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನಿಸುವವರು ನಾವೇ, ದೋಣಿಯಲ್ಲಿ, ಎಲ್ಲರೆದುರು, ದುಡ್ಡಿನ ಲೆಕ್ಕ ತೆಗೆದು. ಇಳಿಯದವರು ಲೈಫ್ ಜಾಕೆಟ್ ತೊಟ್ಟು ಮೇಲೆ ತೇಲುತ್ತಲೇ ಮಾಸ್ಕಿನಲ್ಲಿ ಕೆಳಗಿನ ಮೀನು ನೋಡಬಹುದು. ಅದೂ ಬೇಡವಾದರೆ ದೋಣಿಯಲ್ಲೇ ಕೂತು ತಲೆಯೆತ್ತಬಹುದು. ನೇತ್ರಾಣಿ ದ್ವೀಪದ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಗಂಡ ಕೆಳಗೆ ಗಿಳಿಮೀನಿನ ಹಿಂದೆ ಹೋದ ಅರ್ಧ ಗಂಟೆಯಲ್ಲಿ, ಆ ಹದ್ದು ನೀರಿಗೆರಗಿ ಉಗುರಲ್ಲಿ ಮೀನು ಎತ್ತಿಕೊಂಡು ಹೋಗುವುದನ್ನು ಹೆಂಡತಿ ಕಂಡಿರಬಹುದು. ಅವನು ಮಾಸ್ಕ್ ಕಿತ್ತು ತನ್ನ ಕಥೆ ಶುರುಮಾಡುವಾಗ, ಹೇಳಲು ಅವಳ ಬಳಿಯೂ ಒಂದು ಇರುತ್ತದೆ.