ಎತ್ತಿನ ಮೇಲೆ ಬರುತ್ತಿದ್ದ ವಂಶಾವಳಿ

ಮಲೆಬೆನ್ನೂರಿನ ನಾಡಕಚೇರಿಗೆ ವಂಶವೃಕ್ಷ ಮಾಡಿಸಲು ಬರುವವರಿಗೆ ಬೇಕಿರುವುದು ಅಜ್ಜನ ಕಥೆಯಲ್ಲ, ಅಜ್ಜನ ಹೆಸರಿನಲ್ಲೇ ಉಳಿದುಬಿಟ್ಟ ಪಹಣಿ. ಪೌತಿ ಖಾತೆಯಾಗಬೇಕು, ಬ್ಯಾಂಕಿನಲ್ಲಿ ಸಾಲ ಸಿಗಬೇಕು. ಹಾಗಾಗಿ ಆ ವೃಕ್ಷ ಎರಡು ಮೂರು ತಲೆಮಾರಿಗೆ ನಿಂತುಬಿಡುತ್ತದೆ. ಅದರಾಚೆಗೆ ಮೂಲಪುರುಷ ಯಾರು, ಯಾವ ಊರಿಂದ ಬಂದ ಎಂದು ಕೇಳಿದರೆ ಈ ಸೀಮೆಯ ಹಿರಿಯರು ಹೇಳುವುದು ಒಂದೇ: ‘ಹೆಳವ್ರು ಬಂದಾಗ ಕೇಳ್ರಿ.’

ಹೆಳವರ ಕಸುಬು ಹುಟ್ಟಿದ್ದಕ್ಕೆ ಅವರದೇ ಐತಿಹ್ಯವಿದೆ. ಕಾಲಿಲ್ಲದ ಭಕ್ತನೊಬ್ಬನಿಗೆ ಬಸವಣ್ಣ ಎತ್ತು ಕೊಟ್ಟು, ಮನೆಮನೆಯ ವಂಶ ಹೇಳಿ ಬದುಕಿಕೋ ಎಂದನಂತೆ. ಐತಿಹ್ಯ ನಿಜವೋ ಅಲ್ಲವೋ, ವೇಷವಂತೂ ಅದಕ್ಕೆ ತಕ್ಕಂತೆಯೇ ಇತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಬಳ್ಳಾರಿ ಜಿಲ್ಲೆಯ ಹೆಳವರ ಪ್ರಸ್ತಾಪವಿದೆ: ಕಾಲು ಕಾಣದಂತೆ ಕಂಬಳಿ ಹೊದ್ದು ಎತ್ತಿನ ಮೇಲೆ ಬರುತ್ತಾರೆ, ಮನೆಗಳ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುತ್ತಾರೆ.

ಆ ಕಾಲದಲ್ಲಿ ಹರಪನಹಳ್ಳಿ ಬಳ್ಳಾರಿಗೆ ಸೇರಿ ಮದ್ರಾಸಿನ ಆಡಳಿತದಲ್ಲಿತ್ತು. ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿಯದು. ಹರಿಹರ, ಮಲೆಬೆನ್ನೂರು ಮೈಸೂರಿನವು. ಬರಕ್ಕೋ ದಾಯಾದಿ ಜಗಳಕ್ಕೋ ಒಂದು ಮನೆತನ ತುಂಗಭದ್ರೆ ದಾಟಿತೆಂದರೆ ಸರ್ಕಾರಿ ಕಡತದ ಎಳೆ ಅಲ್ಲಿಗೆ ಕಡಿಯುತ್ತಿತ್ತು. ಹೆಳವನ ಎತ್ತಿಗೆ ಈ ಗಡಿಗಳಿರಲಿಲ್ಲ. ಹಂಚಿಕೆಯಲ್ಲಿ ತನ್ನ ಪಾಲಿಗೆ ಬಂದ ಮನೆತನ ಯಾವ ಊರಿಗೆ ಹೋದರೂ ಅವನು ಹುಡುಕಿಕೊಂಡು ಹೋಗಲೇಬೇಕು, ಅವನ ಹೊಟ್ಟೆಪಾಡು ಅಲ್ಲಿತ್ತು. ಸುಗ್ಗಿ ಮುಗಿದ ಮೇಲೆ ಬಾಗಿಲಲ್ಲಿ ಗಂಟೆ ಬಾರಿಸಿ, ಬೆಡಗು, ಮನೆದೇವರು, ಹಿಂದಿನವರ ಹೆಸರುಗಳನ್ನು ಒಂದೇ ಓಟದಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಕೇಳಿ ಸೇರಿಸಿಕೊಂಡು, ಕಾಳು, ಬಟ್ಟೆ, ಕೈ ಬಿಚ್ಚಿದ ಮನೆಯಲ್ಲಿ ಕರುವನ್ನೂ ಪಡೆದು ಹೋಗುತ್ತಿದ್ದ. ಬಾಯಲ್ಲಿದ್ದದ್ದು ಕ್ರಮೇಣ ಹೊತ್ತಿಗೆಗೆ ಇಳಿಯಿತು. ಎತ್ತಿನ ಜಾಗಕ್ಕೆ ಈಗ ಬೈಕು, ಟೆಂಪೊ ಬಂದಿವೆ.

ಈ ದಾಖಲೆಯನ್ನು ಎಷ್ಟು ನಂಬಬೇಕು? ಕೊಡುವವರ ಮನೆ ಬಾಗಿಲಲ್ಲಿ ನಿಂತವನು ಹಿರಿಯರ ಶೌರ್ಯವನ್ನು ಸ್ವಲ್ಪ ಹೆಚ್ಚೇ ಹೇಳಿಯಾನು. ಆದರೆ ಹೆಸರು ತಪ್ಪಿದರೆ ಕೇಳುತ್ತಾ ಕೂತ ಮುದುಕರು ಬಿಡುವುದಿಲ್ಲ. ಹೀಗಾಗಿ ಹೊಗಳಿಕೆಯನ್ನು ಬದಿಗಿಟ್ಟು ಹೆಸರಿನ ಸಾಲನ್ನು ಹಿಡಿದುಕೊಳ್ಳುವುದೇ ಜಾಣತನ ಎಂದು ನನಗನ್ನಿಸುತ್ತದೆ. 1872ರ ಸಾಕ್ಷ್ಯ ಕಾಯ್ದೆಯೂ ಇಂಥದ್ದೇ ಎಚ್ಚರಿಕೆ ಇಟ್ಟುಕೊಂಡಿತ್ತು: ಸಂಬಂಧ ಬಲ್ಲ, ಈಗ ಬದುಕಿಲ್ಲದ ವ್ಯಕ್ತಿ ವ್ಯಾಜ್ಯ ಹುಟ್ಟುವ ಮೊದಲೇ ಹೇಳಿದ್ದರೆ ಮಾತ್ರ ಆ ಮಾತಿಗೆ ಬೆಲೆ.

ಕಾಗದವೇ ಗಟ್ಟಿ ಎನ್ನುವವರು ಐರ್ಲೆಂಡಿನ ಕಡೆ ನೋಡಬೇಕು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆ ಕಚೇರಿ ಸ್ಫೋಟಗೊಂಡು ಹೊತ್ತಿ ಉರಿಯಿತು. 1821ರಿಂದ 1851ರವರೆಗಿನ ಜನಗಣತಿ ಹಾಳೆಗಳು ಬಹುಪಾಲು ಬೂದಿಯಾದವು. ಅಮೆರಿಕ, ಆಸ್ಟ್ರೇಲಿಯಾಗಳಿಂದ ಬೇರು ಹುಡುಕಿ ಬರುವ ಐರಿಷ್ ಮೂಲದವರಿಗೆ ಇಂದು ಆಸರೆಯಾಗಿರುವವುಗಳಲ್ಲಿ ಮುಖ್ಯವಾದದ್ದು 1847ರಿಂದ 1864ರ ನಡುವೆ ತೆರಿಗೆಗಾಗಿ ತಯಾರಾದ ಗ್ರಿಫಿತ್ ಮೌಲ್ಯಮಾಪನ. ಯಾವ ಜಮೀನು ಯಾರ ಕೈಲಿದೆ ಎಂಬ ಪಟ್ಟಿ ಅದು, ನಮ್ಮ ಪಹಣಿಯ ದೂರದ ನೆಂಟ. 1901 ಮತ್ತು 1911ರ ಜನಗಣತಿಯ ಹಾಳೆಗಳನ್ನಂತೂ ಅಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಮನೆಮನೆಯ ವಿವರವನ್ನು ಗುಟ್ಟಾಗಿಯೇ ಇಟ್ಟಿದೆ. ಅಲ್ಲಿಗೆ ಉಳಿಯುವುದು ಪಹಣಿ, ಶಾಲೆಯ ದಾಖಲಾತಿ ಪುಸ್ತಕ, ಹೆಳವರ ಹೊತ್ತಿಗೆ.

ಹೊತ್ತಿಗೆಗೂ ಮಿತಿಯಿದೆ. ಭದ್ರಾ ನಾಲೆಗೆ ನೀರು ಬಂದ ಮೇಲೆ ಆಂಧ್ರದಿಂದ ಭತ್ತ ಬೆಳೆಯಲು ಬಂದು ಕ್ಯಾಂಪುಗಳಲ್ಲಿ ನೆಲೆನಿಂತವರ ಹಿಂದಿನ ತಲೆಮಾರುಗಳು ಇಲ್ಲಿಯ ಹೆಳವರ ಲೆಕ್ಕಕ್ಕೆ ಸೇರಿದವಲ್ಲ. ಇಲ್ಲಿಯವರೇ ಆದ ಹೆಣ್ಣುಮಕ್ಕಳ ಪಾಡೂ ಹೆಚ್ಚುಕಡಿಮೆ ಅದೇ. ವಂಶ ಸಾಗುವುದು ಬಹುಮಟ್ಟಿಗೆ ಗಂಡಿನಿಂದ ಗಂಡಿಗೆ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹಾಗಾಗಿ ನಾಡಕಚೇರಿಯ ವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಡುವಂತಿಲ್ಲ. ಮುತ್ತಜ್ಜಿಯ ತವರು ಯಾವುದೆಂದು ತಿಳಿಯಬೇಕಾದರೆ ಮಾತ್ರ ಆ ತವರಿನ ಹೆಳವನನ್ನೇ ಹುಡುಕಬೇಕು. ಸಿಕ್ಕರೂ ಅವನ ಹೊತ್ತಿಗೆಯಲ್ಲಿ ಮೊದಲು ಕಾಣುವುದು ಅವಳ ಅಣ್ಣತಮ್ಮಂದಿರ ಹೆಸರು.