ಕುಲುಕ್ಕಿ ಸರ್ಬತ್ ಹುಡುಗ ಟ್ರೋಫಿ ಎತ್ತಿದ ಕತೆ!

ಹೀರೋ ಮಂಗಳೂರಿನವನು. ವಯಸ್ಸು 24. ಕೈಯಲ್ಲಿ ಚಾಕು ಇದೆ, ಆದರೆ ಅದು ವಿಲನ್ ಹೊಟ್ಟೆಗಲ್ಲ, ಈರುಳ್ಳಿಗೆ! ಡ್ಯುಯೆಟ್ ಇಲ್ಲ, ಫೈಟಿಂಗ್ ಇಲ್ಲ, ಕ್ಯಾಬರೆ ಅಂತೂ ಇಲ್ಲವೇ ಇಲ್ಲ. ಆದರೂ 2023ರ ಡಿಸೆಂಬರ್ 8ರಂದು ಈ ಕತೆಯ ಕ್ಲೈಮ್ಯಾಕ್ಸ್ ಬಂದಾಗ ನಮ್ಮ ರೂಮಿನಲ್ಲಿ ಮೂರು ಜನ ಗಂಡಸರು ಒಂದೇ ಮೊಬೈಲಿಗೆ ತಲೆ ತಾಗಿಸಿ ಕೂತು ಶಿಳ್ಳೆ ಹೊಡೆದೆವು. ಪಕ್ಕದ ಮನೆಯವರು ಕ್ರಿಕೆಟ್ ಇರಬೇಕು ಅಂದುಕೊಂಡರಂತೆ.

ಮಾಸ್ಟರ್‌ಶೆಫ್ ಇಂಡಿಯಾದ ಎಂಟನೇ ಸೀಸನ್. ಗೆದ್ದವನು ಮೊಹಮ್ಮದ್ ಆಶಿಕ್. ಮಂಗಳೂರಿನಲ್ಲಿ ‘ಕುಲುಕ್ಕಿ ಹಬ್’ ಅಂತ ಜ್ಯೂಸ್ ಅಂಗಡಿ ಇಟ್ಟುಕೊಂಡಿದ್ದ ಹುಡುಗ. ಬಹುಮಾನ 25 ಲಕ್ಷ ರೂಪಾಯಿ, ಜೊತೆಗೆ ಟ್ರೋಫಿ.

“ಸಿನಿಮಾ ಪತ್ರಿಕೆಯಲ್ಲಿ ಒಲೆ-ಬಾಣಲೆ ಯಾಕಪ್ಪಾ?” ಅಂತ ಮೂಗು ಮುರೀಬೇಡಿ ಗೆಳೆಯರೇ. ಈ ಆಟವನ್ನು ಹುಟ್ಟುಹಾಕಿದವರೇ ಒಬ್ಬ ಸಿನಿಮಾ ಡೈರೆಕ್ಟರು! 1979ರಲ್ಲಿ ‘ಕ್ವಾಡ್ರೊಫೀನಿಯಾ’ ಅನ್ನೋ ಇಂಗ್ಲಿಷ್ ಚಿತ್ರ ನಿರ್ದೇಶಿಸಿದ ಫ್ರಾಂಕ್ ರಾಡಮ್ ಅವರ ತಲೆಯಿಂದ ಬಂದದ್ದು ಮಾಸ್ಟರ್‌ಶೆಫ್. 1990ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. 2009ರಲ್ಲಿ ಆಸ್ಟ್ರೇಲಿಯಾದವರು ಅದಕ್ಕೆ ಇನ್ನಷ್ಟು ಖಾರ, ಕಣ್ಣೀರು, ಗಡಿಯಾರದ ಟಿಕ್‌ಟಿಕ್ ಸೇರಿಸಿ ಹಬ್ಬ ಮಾಡಿಬಿಟ್ಟರು. ನಮ್ಮ ದೇಶಕ್ಕೆ ಬಂದದ್ದು 2010ರಲ್ಲಿ. ಆಗ ನಡೆಸಿಕೊಟ್ಟವರು ಯಾರು ಗೊತ್ತೇ? ಅಕ್ಷಯ್ ಕುಮಾರ್! ಹೀರೋ ಆಗೋಕೆ ಮುಂಚೆ ಬ್ಯಾಂಕಾಕಿನಲ್ಲಿ ಹೋಟೆಲ್ ಕೆಲಸ ಮಾಡಿದ್ದ ಅಸಾಮಿ. ಆ ವರ್ಷ ಗೆದ್ದದ್ದು ಲಕ್ನೋದ ಟೀಚರ್ ಪಂಕಜ್ ಭದೌರಿಯಾ. ಇದ್ದ ಕೆಲಸ ಬಿಟ್ಟು ಸೌಟು ಹಿಡಿದ ಗಟ್ಟಿಗಿತ್ತಿ.

ಎಂಟನೇ ಸೀಸನ್ನಿನ ತೀರ್ಪುಗಾರರಿಗೂ ಬಣ್ಣದ ನಂಟು ಉಂಟು. ಅಮೃತಸರದ ವಿಕಾಸ್ ಖನ್ನಾ ಅವರು ನೀನಾ ಗುಪ್ತಾ ಅವರನ್ನು ಹಾಕಿಕೊಂಡು ‘ದ ಲಾಸ್ಟ್ ಕಲರ್’ ಚಿತ್ರ ನಿರ್ದೇಶಿಸಿದವರು. ಲಕ್ನೋದ ರಣವೀರ್ ಬ್ರಾರ್ 2022ರಲ್ಲಿ ‘ಮಾಡರ್ನ್ ಲವ್ ಮುಂಬೈ’ಯಲ್ಲಿ ನಟಿಸಿದರು. 2024ರಲ್ಲಿ ‘ದ ಬಕಿಂಗ್‌ಹ್ಯಾಮ್ ಮರ್ಡರ್ಸ್’ನಲ್ಲಿ ಕರೀನಾ ಜೊತೆ ತೆರೆ ಹಂಚಿಕೊಂಡರು. ಮೂರನೆಯವರು ಪೂಜಾ ಧಿಂಗ್ರಾ, ಮುಂಬೈನಲ್ಲಿ ಮ್ಯಾಕರೋನ್ ಅನ್ನೋ ಫ್ರೆಂಚ್ ಸಿಹಿಯಿಂದ ಹೆಸರು ಮಾಡಿದವರು. ಅವರಿಗೆ ಸಿನಿಮಾ ಗೊಡವೆ ಇದ್ದಂತಿಲ್ಲ. ಇರಲಿ, ಒಬ್ಬರಾದರೂ ಒಲೆ ಮುಂದೆ ಇರಬೇಕಲ್ಲ!

ರುಚಿ ಯಾರಿಗೆ ಗೊತ್ತು?

ಹಾಡಿನ ಸ್ಪರ್ಧೆ ನೋಡ್ತೀರಿ. ಶ್ರುತಿ ತಪ್ಪಿದರೆ ನಿಮ್ಮ ಕಿವಿಗೇ ಗೊತ್ತಾಗುತ್ತೆ. ಕುಣಿತದಲ್ಲಿ ಕಾಲು ಜಾರಿದರೆ ಕಣ್ಣಿಗೆ ಕಾಣುತ್ತೆ. ಆದರೆ ಅಡುಗೆ? ಉಪ್ಪು ಜಾಸ್ತಿಯಾಯ್ತೋ ಕಮ್ಮಿಯಾಯ್ತೋ ನಮಗೆ ತಿಳಿಯೋದು ಹೇಗೆ? ತೀರ್ಪುಗಾರರ ಹುಬ್ಬು ನೋಡಿಯೇ! ಅವರು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಒಂದು ಕ್ಷಣ ಸುಮ್ಮನಾಗಿ... ಆ ಸುಮ್ಮನಿರೋ ಕ್ಷಣವೇ ಇಡೀ ಶೋ. ಹಿನ್ನೆಲೆಯಲ್ಲಿ ಡಬ್ ಡಬ್ ಅಂತ ಎದೆಬಡಿತದ ಮ್ಯೂಸಿಕ್ಕು. ನನ್ನ ಮಟ್ಟಿಗೆ ಇದು ಸ್ಪರ್ಧೆಗಿಂತ ಸಿನಿಮಾಕ್ಕೇ ಹತ್ತಿರ. ಕ್ಲೋಸಪ್ಪು, ರೀರೆಕಾರ್ಡಿಂಗು, ಇಂಟರ್ವಲ್ ಬ್ಲಾಕು ಎಲ್ಲಾ ಉಂಟು.

ಒಳಗುಟ್ಟು ಒಂದು ಹೇಳಲೇ? ನಾವು ನೋಡೋ ಆ ಕೊನೆಯ ತುತ್ತಿನ ಹೊತ್ತಿಗೆ ಎಷ್ಟೋ ಸಲ ಊಟ ಆರಿ ತಣ್ಣಗಾಗಿರುತ್ತೆ. ಕ್ಯಾಮೆರಾ ಇಡಬೇಕು, ಲೈಟ್ ಸರಿ ಮಾಡಬೇಕು, ತಟ್ಟೆಯ ಚೆಂದದ ಶಾಟ್ ತೆಗೀಬೇಕು. ಅದಕ್ಕೇ ಅಡುಗೆ ನಡೀತಿರುವಾಗಲೇ ಒಲೆಯಿಂದ ಒಲೆಗೆ ಓಡಾಡಿ ರುಚಿ ನೋಡಿಬಿಡ್ತೀವಿ ಅಂತ ಆಸ್ಟ್ರೇಲಿಯಾ ಶೋನ ತೀರ್ಪುಗಾರರೇ ಹೇಳಿಕೊಂಡಿದ್ದಾರೆ. ಇದರಲ್ಲಿ ಮೋಸ ಏನೂ ಇಲ್ಲ ಬಿಡಿ. ಶೂಟಿಂಗ್ ನೋಡಿದವರಿಗೆ ಗೊತ್ತು, ಮದುವೆ ಸೀನಿನ ಬಾಳೆಲೆ ಮೇಲಿರೋ ಪಾಯಸ ಬೆಳಿಗ್ಗೆಯಿಂದ ಅಲ್ಲೇ ಇರುತ್ತೆ!

ದುಡ್ಡಿಲ್ಲದ ಹುಡುಗನ ಹಟ

ಈಗ ನಮ್ಮ ಹೀರೋ ವಿಚಾರಕ್ಕೆ ಬರೋಣ. ಆಶಿಕ್‌ಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕು ಅಂತ ಆಸೆ ಇತ್ತು. ಮನೆಯ ಹಣಕಾಸು ಬಿಡಲಿಲ್ಲ. ಈ ಜಾಗದಲ್ಲಿ ನಮ್ಮ ಸಿನಿಮಾದ ಹೀರೋ ಆಗಿದ್ದರೆ ಒಂದು ಶೋಕಗೀತೆ ಹಾಡಿ ಗಡ್ಡ ಬಿಡ್ತಿದ್ದ. ಇವನು ಜ್ಯೂಸ್ ಅಂಗಡಿ ಹಾಕಿದ. ಕುಲುಕ್ಕಿ ಸರ್ಬತ್ ಕೇರಳದ ಕಡೆಯ ಪಾನೀಯ. ನಿಂಬೆಹಣ್ಣು, ಸಕ್ಕರೆ, ಶುಂಠಿ, ಸೀಳಿದ ಹಸಿಮೆಣಸು, ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ, ಮಂಜುಗಡ್ಡೆ. ಎಲ್ಲಾ ಹಾಕಿ, ಬಾಯಿ ಮುಚ್ಚಿ, ತಲೆ ಮೇಲೆತ್ತಿ ಕುಲುಕೋದು. ಮಲಯಾಳದ ಕುಲುಕ್ಕಿಗೂ ನಮ್ಮ ಕುಲುಕೋದಕ್ಕೂ ಅರ್ಥ ಒಂದೇ. ಬಿಸಿಲಲ್ಲಿ ನಿಂತು ಕುಡಿದರೆ ಮೊದಲು ಹುಳಿ, ಆಮೇಲೆ ತಣ್ಣಗೆ, ಕಡೆಗೆ ಗಂಟಲಲ್ಲಿ ಮೆಣಸು ಚುರ್ ಅನ್ನುತ್ತೆ ನೋಡಿ... ಹಾ!

ಜ್ಯೂಸ್ ಅಂಗಡಿ ಅಂತ ಹಗುರ ಮಾಡಬೇಡಿ. ಹುಳಿ, ಸಿಹಿ, ಖಾರ ಎಷ್ಟೆಷ್ಟು ಅನ್ನೋ ಲೆಕ್ಕ ನಾಲಿಗೆಗೆ ದಿನಾ ನೂರು ಸಲ ಅಭ್ಯಾಸ ಆಗೋ ಜಾಗ ಅದು. ಗಿರಾಕಿ ಮುಖ ನೋಡಿಯೇ ಫಲಿತಾಂಶ ತಿಳಿಯೋ ಪರೀಕ್ಷೆ. ಯಾವ ಕಾಲೇಜಿನಲ್ಲಿ ಇಷ್ಟು ಪ್ರಾಕ್ಟಿಕಲ್ ಮಾಡಿಸ್ತಾರೆ ಹೇಳಿ?

ಏಳನೇ ಸೀಸನ್‌ಗೇ ಹುಡುಗ ಪ್ರಯತ್ನ ಪಟ್ಟಿದ್ದ. ಆಯ್ಕೆ ಆಗಲಿಲ್ಲ. ಆ ಸೀಸನ್ 2023ರ ಜನವರಿಯಲ್ಲಿ ಶುರುವಾಗಿ ಅಸ್ಸಾಮಿನ ನಯನಜ್ಯೋತಿ ಸೈಕಿಯಾ ಗೆದ್ದರು. ಅದೇ ವರ್ಷ ಅಕ್ಟೋಬರ್ 16ಕ್ಕೆ ಎಂಟನೇ ಸೀಸನ್ ಬಂತು, ಅದರಲ್ಲಿ ಆಶಿಕ್ ನಿಂತಿದ್ದ. ಒಂದು ಸಲ ಬಾಗಿಲು ಹಾಕಿಸಿಕೊಂಡವನು ಅದೇ ಬಾಗಿಲು ತಟ್ಟೋಕೆ ಎದೆ ಬೇಕು. ಅವಕಾಶ ಕೇಳಿಕೊಂಡು ಫೋಟೋ ಆಲ್ಬಂ ಹಿಡಿದು ಗಾಂಧಿನಗರದ ಮೆಟ್ಟಿಲು ಹತ್ತಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಬೇಜಾರು ಉಂಟು. ಈ ಸೀಸನ್ ಟೀವಿಯಲ್ಲಿ ಬರಲೇ ಇಲ್ಲ, ಸೋನಿ ಲಿವ್ ಆ್ಯಪಿನಲ್ಲಿ ಮಾತ್ರ. ಅಡುಗೆ ಶೋನ ನಿಜವಾದ ಪ್ರೇಕ್ಷಕರು ಯಾರು? ರಾತ್ರಿ ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ಟೀವಿ ಮುಂದೆ ಕೂರೋ ಅಮ್ಮಂದಿರು. ಅವರ ಕೈಗೆ ಈ ಸೀಸನ್ ಸುಲಭವಾಗಿ ಸಿಗಲಿಲ್ಲ. ಊರಿಗೆ ಫೋನ್ ಮಾಡಿ “ನಮ್ಮ ಮಂಗಳೂರು ಹುಡುಗ ಗೆದ್ದ ಅಮ್ಮಾ” ಅಂದರೆ, “ಯಾವುದರಲ್ಲೋ?” ಅಂದರು ನಮ್ಮಮ್ಮ.

ಮೀನಾ, ಪನೀರಾ?

ಮಸಾಲೆ ಇಲ್ಲದ ಸಿನಿಮಾ ಉಂಟೇ? ಹಿಂದಿನ ಏಳನೇ ಸೀಸನ್ನಿನಲ್ಲಿ ದೊಡ್ಡ ರಂಪ ಆಯ್ತು. ಒಂದು ಸುತ್ತಿನಲ್ಲಿ ಉಳಿದವರಿಗೆ ಮೀನು, ಸಸ್ಯಾಹಾರಿ ಸ್ಪರ್ಧಿ ಒಬ್ಬರಿಗೆ ಪನೀರ್! ಅಭಿಮಾನಿಗಳು ಕೆಂಡವಾದರು. ಮೀನಿನ ಮುಳ್ಳು ತೆಗೆಯೋ ಕಷ್ಟ ಎಲ್ಲಿ, ಪನೀರ್ ಕತ್ತರಿಸೋ ಸುಲಭ ಎಲ್ಲಿ, ಇದು ಪಕ್ಷಪಾತ ಅಂತ ಬೈಗುಳದ ಮಳೆ. ಬೈಸಿಕೊಂಡದ್ದು ಮಾತ್ರ ಆ ಹೆಣ್ಣುಮಗಳು.

ನನ್ನ ಅಭಿಪ್ರಾಯ ಕೇಳ್ತೀರಾ? ಕೇಳದಿದ್ದರೂ ಹೇಳ್ತೀನಿ. ಮಾಂಸ ಮುಟ್ಟದವರು ದೊಡ್ಡ ಅಡುಗೆಯವರಾಗಬಾರದು ಅನ್ನೋದು ನಮ್ಮ ನಾಡಿನಲ್ಲಿ ನಿಲ್ಲೋ ಮಾತಲ್ಲ. ಉಡುಪಿಯ ಭಟ್ಟರು ಬರೀ ಕಾಯಿ, ಬೇಳೆ, ಹುಣಸೆಹಣ್ಣಿನಲ್ಲೇ ಲೋಕ ಗೆದ್ದಿಲ್ಲವೇ? ಆದರೆ ಆಟದ ನಿಯಮ ಎಲ್ಲರಿಗೂ ಒಂದೇ ಇರಬೇಕು. 2015ರ ನಾಲ್ಕನೇ ಸೀಸನ್ ಪೂರ್ತಿ ಸಸ್ಯಾಹಾರ ಅಂತ ಮೊದಲೇ ಸಾರಿದ್ದರು. ಇಷ್ಟವೋ ಕಷ್ಟವೋ, ಎಲ್ಲರಿಗೂ ಒಂದೇ ಅಳತೆ. ಇಲ್ಲಿ ಹಾಗಾಗಲಿಲ್ಲ. ತಪ್ಪಿದ್ದರೆ ನಿಯಮ ಬರೆದವರದು. ಒಲೆ ಮುಂದೆ ಬೆವರಿದವರನ್ನು ಬೈದು ಏನು ಬಂತು?

ಎಂಟನೇ ಸೀಸನ್ನಿನಲ್ಲಿ ಕಡೆಗೆ ಉಳಿದವರನ್ನು ನೋಡಿದರೆ ಆ ರಂಪ ಎಲ್ಲಾ ಮರೆತುಹೋಗುತ್ತೆ. ಮೇಘಾಲಯದ ಗಾರೋ ಬೆಟ್ಟಗಳ ಕಡೆಯಿಂದ ಬಂದ ನಂಬಿ ಜೆಸಿಕಾ ಮರಾಕ್, ಕಾಶ್ಮೀರದ ಡಾ. ರುಖ್ಸಾರ್ ಸಯೀದ್, ನಮ್ಮ ಕರಾವಳಿಯ ಆಶಿಕ್. ಒಂದು ಮೂಲೆ ಮಂಜಿನದು, ಒಂದು ಮೂಲೆ ಮಳೆಯದು, ಒಂದು ಮೂಲೆ ಸಮುದ್ರದ್ದು. ಜೆಸಿಕಾ ಅವರ ಕಡೆಯ ಅಡುಗೆ ನಾನಂತೂ ಜನ್ಮದಲ್ಲಿ ತಿಂದಿಲ್ಲ. ಆದರೆ ನೋಡ್ತಾ ನೋಡ್ತಾ ರೈಲು ಹತ್ತಿಬಿಡೋಣ ಅನ್ನಿಸಿದ್ದು ನಿಜ. ಅಲ್ಲಿವರೆಗೆ ಗೆದ್ದ ಏಳು ಜನರಲ್ಲಿ ದಕ್ಷಿಣದವರು ಒಬ್ಬರೂ ಇರಲಿಲ್ಲ. ಎಂಟನೆಯವನು ನಮ್ಮವನು.

ಇನ್ನೊಂದು ಲೆಕ್ಕ ಹೇಳ್ತೀನಿ, ಕೇಳಿ. ಮೊದಲ ಐದು ಸೀಸನ್‌ಗಳಲ್ಲಿ ನಾಲ್ಕು ಸಲ ಗೆದ್ದವರು ಹೆಂಗಸರು. ಮಧ್ಯೆ ಮೂರನೇ ಸೀಸನ್ನಿನ ರಿಪುದಮನ್ ಹಂಡಾ ಒಬ್ಬರೇ ಗಂಡಸು. ಆಮೇಲೆ ಒಡಿಶಾದ ಅಬಿನಾಸ್ ನಾಯಕ್, ನಯನಜ್ಯೋತಿ, ಆಶಿಕ್... ಸಾಲಾಗಿ ಮೂವರೂ ಹುಡುಗರು! ಗಂಡು ಹುಡುಗ ಅಡುಗೆಮನೆಗೆ ಹೋದರೆ “ಏನೋ ಹೆಣ್ಣಿಗನ ಹಾಗೆ” ಅನ್ನೋ ಬಾಯಿಗಳಿಗೆ ಇದನ್ನು ತೋರಿಸಿ. ವಿರಾಟನ ಮನೆಯಲ್ಲಿ ಸೌಟು ಹಿಡಿದ ವಲಲ ಯಾರು ಸ್ವಾಮಿ? ಭೀಮಸೇನ! ಕೀಚಕನನ್ನು ಕೊಂದ ಕೈಯೇ ಅಲ್ಲಿ ಅನ್ನ ಬಸಿದದ್ದು. ಮದುವೆಮನೆಯ ಕೊಪ್ಪರಿಗೆಯಿಂದ ಶೂಟಿಂಗಿನ ಪ್ರೊಡಕ್ಷನ್ ಊಟದವರೆಗೆ ಬೇಯಿಸೋರು ಗಂಡಸರೇ. ಸ್ವಂತ ಮನೆಯಲ್ಲಿ ಮಾತ್ರ ಕಾಫಿಗೂ ಕೂಗ್ತೀವಿ!

ಅಂದ ಹಾಗೆ, ನಮ್ಮ ನಿರ್ಮಾಪಕರಿಗೆ ಒಂದು ಪ್ರಶ್ನೆ. 2014ರಲ್ಲಿ ಪ್ರಕಾಶ್ ರೈ ‘ಒಗ್ಗರಣೆ’ ಮಾಡಿದರು. ಊಟದಿಂದ ಹುಟ್ಟೋ ಪ್ರೇಮಕತೆ, ಮಲಯಾಳದಿಂದ ತಂದದ್ದು. ಆದರೆ ಇಲ್ಲೇ ಮಂಗಳೂರಿನಲ್ಲಿ ರೆಡಿಮೇಡ್ ಕತೆ ಇದೆಯಲ್ಲ? ಬಡತನ, ಕೈತಪ್ಪಿದ ಓದು, ಜ್ಯೂಸ್ ಅಂಗಡಿ, ಮೊದಲ ಸೋಲು, ಮುಂಬೈ, ದೊಡ್ಡ ಗಡಿಯಾರ. ಹಕ್ಕು ಕೇಳೋಕೆ ಕೊಚ್ಚಿಗೂ ಹೋಗಬೇಕಿಲ್ಲ, ಚೆನ್ನೈಗೂ ಹೋಗಬೇಕಿಲ್ಲ.

ಆಶಿಕ್ ಪಾತ್ರಕ್ಕೆ ಯಾರು ಸರಿ ಅಂತ ರೂಮಿನಲ್ಲಿ ಇನ್ನೂ ಜಗಳ ನಡೀತಿದೆ. ಒಬ್ಬನಿಗೆ ರಾಜ್ ಬಿ. ಶೆಟ್ಟಿ ಆಗಬೇಕಂತೆ, ಇನ್ನೊಬ್ಬನಿಗೆ ಹೊಸ ಮುಖವೇ ಆಗಬೇಕಂತೆ. ನಿಮ್ಮ ವೋಟು ಯಾರಿಗೆ? ಒಂದು ಕಾರ್ಡು ಗೀಚಿ ಹಾಕಿ.